ವಿಶ್ವವಿದ್ಯಾಲಯದಿಂದ ಆರ್ಥಿಕ ಬೆಳವಣಿಗೆ: ಯಾವ ದಾರಿ ಯಾರಿಗೆ ಹೊಂದುತ್ತದೆ?

ವಿಶ್ವವಿದ್ಯಾಲಯ ಬಂದರೆ ಆ ಪ್ರದೇಶದ ಆರ್ಥಿಕತೆ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರವಿದೆ. ಅನ್ನಾ ವಲೆರೊ ಮತ್ತು ಜಾನ್ ವಾನ್ ರೀನೆನ್ ಎಂಬ ಅರ್ಥಶಾಸ್ತ್ರಜ್ಞರು 78 ದೇಶಗಳ ಸುಮಾರು 15,000 ವಿಶ್ವವಿದ್ಯಾಲಯಗಳ ಮಾಹಿತಿ ಕಲೆಹಾಕಿ ನೋಡಿದರು. ಒಂದು ಪ್ರದೇಶದಲ್ಲಿ ಜನಸಂಖ್ಯೆಗೆ ತಕ್ಕಂತೆ ವಿಶ್ವವಿದ್ಯಾಲಯಗಳ ಸಂಖ್ಯೆ ಶೇ 10ರಷ್ಟು ಹೆಚ್ಚಿದ್ದ ಕಡೆ, ಮುಂದಿನ ವರ್ಷಗಳಲ್ಲಿ ತಲಾ ಉತ್ಪನ್ನ ಸುಮಾರು ಶೇ 0.4ರಷ್ಟು ಹೆಚ್ಚಿತ್ತು. ಸಣ್ಣದಾಗಿ ಕಂಡರೂ ಇಡೀ ಪ್ರದೇಶದ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ.

ಆದರೆ ಸರಾಸರಿ ನಂಬಿ ಹಣ ಹಾಕುವಂತಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1876ರಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವಿದೆ. ಸಂಶೋಧನೆಗೆ ಅತಿ ಹೆಚ್ಚು ಖರ್ಚು ಮಾಡುವ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ದಶಕಗಳಿಂದ ಅದಕ್ಕೇ ಮೊದಲ ಸ್ಥಾನ. ಆ ನಗರದ ಜನಸಂಖ್ಯೆ ಮಾತ್ರ 1950ರಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಇದ್ದದ್ದು 2020ರಲ್ಲಿ ಆರು ಲಕ್ಷಕ್ಕಿಂತ ಕಡಿಮೆಯಾಗಿತ್ತು. ಕಾರ್ಖಾನೆಗಳು ಮುಚ್ಚಿದವು, ಜನ ಹೊರವಲಯಗಳಿಗೆ ಹೋದರು. ಜಗತ್ತಿಗೆ ಔಷಧ ಕೊಟ್ಟ ವಿಶ್ವವಿದ್ಯಾಲಯಕ್ಕೆ ತನ್ನದೇ ನಗರದ ಕುಸಿತವನ್ನು ತಡೆಯಲಾಗಲಿಲ್ಲ.

ಆದ್ದರಿಂದ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿರುವವರು, ಸ್ಥಳೀಯ ಸರ್ಕಾರದಲ್ಲಿ ಯೋಜನೆ ರೂಪಿಸುವವರು, ದತ್ತಿ ಕೊಡಲು ಮುಂದಾದವರು ಮೊದಲು ಒಂದು ವಿಷಯ ತೀರ್ಮಾನಿಸಿಕೊಳ್ಳಬೇಕು: ನಮ್ಮ ವಿಶ್ವವಿದ್ಯಾಲಯ ಯಾವ ಕೆಲಸವನ್ನು ಮುಖ್ಯವಾಗಿ ಮಾಡಬೇಕು? ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇವೆ ಎಂದವರು ಯಾವುದನ್ನೂ ನೆಟ್ಟಗೆ ಮಾಡದೆ ಹೋಗುವುದನ್ನು ಕಂಡಿದ್ದೇನೆ. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಯಾವ ಅಳತೆಗೋಲು ಹಿಡಿಯಬೇಕು

ಮೊದಲನೆಯದು, ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು, ವಿಶ್ವವಿದ್ಯಾಲಯ ಕೊಡುವುದನ್ನು ಪಡೆದುಕೊಳ್ಳುವವರು ಸುತ್ತಮುತ್ತ ಇದ್ದಾರೆಯೇ ಎಂಬುದು. ಹೊಸ ತಂತ್ರಜ್ಞಾನ ಬಂದರೆ ಅದನ್ನು ತಯಾರಿಕೆಗೆ ತರಬಲ್ಲ ಕಂಪನಿ ಇದೆಯೇ? ಇಂಜಿನಿಯರುಗಳು ಬಂದರೆ ಅವರಿಗೆ ಸಂಬಳ ಕೊಡುವವರು ಇದ್ದಾರೆಯೇ? ಪಡೆಯುವ ಕೈ ಇಲ್ಲದ ಕಡೆ ಏನನ್ನು ಕೊಟ್ಟರೂ ಅದು ಬೇರೆ ಕಡೆ ಹರಿದುಹೋಗುತ್ತದೆ.

ಎರಡನೆಯದು ಕಾಲ. ಅಮೆರಿಕದ ಉತ್ತರ ಕೆರೊಲಿನಾದ ಮೂರು ವಿಶ್ವವಿದ್ಯಾಲಯಗಳ ನಡುವೆ, ಕಂಪನಿಗಳ ಸಂಶೋಧನಾ ಘಟಕಗಳಿಗೆಂದು 1959ರಲ್ಲಿ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ಗೆ ಕಂಪ್ಯೂಟರ್ ಕಂಪನಿ ಐಬಿಎಂ ಬರುವ ನಿರ್ಧಾರ ಮಾಡಿದ್ದು 1965ರಲ್ಲಿ. ಇಂದು ಮಾದರಿ ಎನಿಸಿರುವ ಆ ಜಾಗ ಮೊದಲ ವರ್ಷಗಳಲ್ಲಿ ಬಹುತೇಕ ಖಾಲಿಯೇ ಇತ್ತು. ನಿಮ್ಮ ಅನುದಾನ, ಅಧಿಕಾರಾವಧಿ ಎಷ್ಟು ದಿನದ್ದೋ ಅದಕ್ಕೆ ತಕ್ಕ ದಾರಿ ಹಿಡಿಯಬೇಕು, ಇಲ್ಲವೇ ಅವಧಿ ಮೀರಿಯೂ ಉಳಿಯುವ ವ್ಯವಸ್ಥೆ ಮಾಡಬೇಕು.

ಮೂರನೆಯದು, ಲಾಭ ಯಾರ ಕೈ ಸೇರುತ್ತದೆ ಎಂಬುದು: ವಿದ್ಯಾರ್ಥಿಗೋ, ರೈತನಿಗೋ, ಹೂಡಿಕೆದಾರನಿಗೋ, ಸಾವಿರಾರು ಮೈಲಿ ದೂರದ ಕಂಪನಿಗೋ. ಕೊನೆಯದು ಹಣದ ಸ್ವರೂಪ. ಕಟ್ಟಡಕ್ಕೆ ಒಮ್ಮೆ ಸುರಿಯುವ ಹಣ ಸುಲಭವಾಗಿ ಸಿಗುತ್ತದೆ. ವರ್ಷ ವರ್ಷವೂ ಸಂಬಳಕ್ಕೆ ಬೇಕಾಗುವ ಹಣ ಸಿಗುವುದೇ ಕಷ್ಟ. ಕೆಳಗಿನ ದಾರಿಗಳಲ್ಲಿ ಹೆಚ್ಚಿನವು ಸೊರಗುವುದು ಈ ಎರಡನೆಯ ಬಗೆಯ ಹಣವಿಲ್ಲದೆ.

ಪದವೀಧರರನ್ನು ತಯಾರು ಮಾಡುವುದು

ಎಲ್ಲ ವಿಶ್ವವಿದ್ಯಾಲಯಗಳೂ ಮಾಡುವ ಕೆಲಸವಿದು. ಕಲಿತವನ ಆದಾಯ ಹೆಚ್ಚುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಲಿತವನು ಅಲ್ಲೇ ಉಳಿಯುತ್ತಾನೆಯೇ? ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಅಮೆರಿಕದ ನಗರ ಪ್ರದೇಶಗಳನ್ನು ಪರಿಶೀಲಿಸಿದಾಗ, ಒಂದು ಕಡೆ ಎಷ್ಟು ಪದವಿಗಳು ಹಂಚಿಕೆಯಾಗುತ್ತವೆ ಎಂಬುದಕ್ಕೂ ಅಲ್ಲಿ ಎಷ್ಟು ಪದವೀಧರರು ವಾಸವಾಗಿದ್ದಾರೆ ಎಂಬುದಕ್ಕೂ ಇರುವ ನಂಟು ದುರ್ಬಲ ಎಂದು ಕಂಡಿತು. ಕೆಲಸ ಇರುವಲ್ಲಿಗೆ ಜನ ಹೋಗುತ್ತಾರೆ.

ರಾಷ್ಟ್ರ ಸರ್ಕಾರಕ್ಕೆ ಇದರಿಂದ ತೊಂದರೆಯಿಲ್ಲ, ಪದವೀಧರ ದೇಶದೊಳಗೇ ಎಲ್ಲೋ ದುಡಿಯುತ್ತಾನೆ. ಒಂದು ಜಿಲ್ಲೆಗೋ ಸಣ್ಣ ನಗರಕ್ಕೋ ಇದೇ ದೊಡ್ಡ ತಲೆನೋವು. ಸುತ್ತ ಕೆಲಸಗಳಿದ್ದು ಜನ ಸಿಗದೆ ಕಂಪನಿಗಳು ಪರದಾಡುತ್ತಿದ್ದರೆ ಬೋಧನೆಗೆ ಹಣ ಹಾಕಿ. ಕೆಲಸವೇ ಇಲ್ಲದಿದ್ದರೆ ಬೋಧನೆಯೊಂದರಿಂದಲೇ ಊರು ಬೆಳೆಯುತ್ತದೆಂದು ಕಾಯಬೇಡಿ. ವಿದ್ಯಾರ್ಥಿಗಳ ಬದುಕು ಹಸನಾಗುತ್ತದೆ, ಅದೂ ದೊಡ್ಡದೇ, ಆದರೆ ಅದು ಬೇರೆ ಗುರಿ.

ಓದು ಮತ್ತು ಕೆಲಸ ಒಟ್ಟಿಗೆ

ಪದವೀಧರರು ಊರು ಬಿಡುವ ಸಮಸ್ಯೆಗೆ ನನಗೆ ಕಂಡ ಒಳ್ಳೆಯ ಉತ್ತರ ಇದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ 74 ಇಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಈ ಪದ್ಧತಿ ಶುರುಮಾಡಿತು. ಇಂದು ಅಲ್ಲಿ ನಾಲ್ಕು ತಿಂಗಳು ತರಗತಿ, ನಾಲ್ಕು ತಿಂಗಳು ಸಂಬಳದ ಕೆಲಸ, ಮತ್ತೆ ತರಗತಿ. ಕೊನೆಯ ವರ್ಷದಲ್ಲಿ ಒಮ್ಮೆ ಮಾಡುವ ಇಂಟರ್ನ್‌ಶಿಪ್‌ಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಪದೇ ಪದೇ ಹೋಗಿ ಬರುವ ಹುಡುಗಿಗೆ ಕಂಪನಿಯ ನಿಜವಾದ ತೊಡಕು ಗೊತ್ತಿರುತ್ತದೆ. ತರಗತಿಗೆ ಮರಳಿದಾಗ ಅವಳು ಕೇಳುವ ಪ್ರಶ್ನೆ ಪಠ್ಯಪುಸ್ತಕದ್ದಾಗಿರುವುದಿಲ್ಲ, ಪಾಠ ಮಾಡುವವರೂ ಅದಕ್ಕೆ ತಯಾರಾಗಿ ಬರಬೇಕಾಗುತ್ತದೆ. ಕಂಪನಿಯವರಿಗೂ ಕೆಲಸ ಮಾಡಿಸಿ ನೋಡಿದ ಮೇಲೆ ನೇಮಿಸಿಕೊಳ್ಳುವ ಅನುಕೂಲ.

ಜರ್ಮನಿ ಇದೇ ಉದ್ದೇಶಕ್ಕೆ 1960ರ ದಶಕದ ಕೊನೆಯಿಂದ ಅನ್ವಯಿಕ ವಿಜ್ಞಾನದ ಪ್ರತ್ಯೇಕ ವಿಶ್ವವಿದ್ಯಾಲಯಗಳನ್ನೇ ಕಟ್ಟಿತು. ಅಲ್ಲಿ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಐದು ವರ್ಷಗಳ ವೃತ್ತಿ ಅನುಭವ ಬೇಕು, ಅದರಲ್ಲಿ ಮೂರು ವರ್ಷ ವಿಶ್ವವಿದ್ಯಾಲಯದ ಹೊರಗಿನದ್ದಾಗಿರಬೇಕು. ಈ ಒಂದು ನಿಯಮ ಎಷ್ಟು ಕೆಲಸ ಮಾಡುತ್ತದೆ ಎಂದರೆ, ಉದ್ಯಮ ಸಂಪರ್ಕಕ್ಕೆಂದು ಬೇರೆ ಘಟಕ ತೆರೆಯುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಸಂಪರ್ಕ ಪ್ರಾಧ್ಯಾಪಕರ ಜೊತೆಗೇ ಬಂದಿರುತ್ತದೆ.

ಖರ್ಚು ಹೆಚ್ಚಿಲ್ಲ. ಲ್ಯಾಬ್‌ಗಳ ಬದಲು ಕಂಪನಿಗಳನ್ನು ಹುಡುಕುವ, ವಿದ್ಯಾರ್ಥಿಗಳನ್ನು ಹೊಂದಿಸುವ, ಕೆಲಸದ ಜಾಗಕ್ಕೆ ಹೋಗಿ ನೋಡಿ ಬರುವ ಸಿಬ್ಬಂದಿಗೆ ಸಂಬಳ ಕೊಡಬೇಕು. ಆ ಹುದ್ದೆಗಳನ್ನು ಗುಮಾಸ್ತಗಿರಿ ಎಂದು ಬಗೆದರೆ ಪದ್ಧತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಇದರ ದೌರ್ಬಲ್ಯವೂ ಸ್ಪಷ್ಟ: ಉದ್ಯಮಗಳು ಹಿಂಜರಿತಕ್ಕೆ ಸಿಕ್ಕ ವರ್ಷ ಕೆಲಸದ ಅವಕಾಶಗಳು ಬತ್ತುತ್ತವೆ. ಒಂದೇ ದೊಡ್ಡ ಕಂಪನಿಯನ್ನು ನೆಚ್ಚಿಕೊಂಡಿದ್ದರಂತೂ ಪದವಿಯ ವೇಳಾಪಟ್ಟಿಯೇ ಕುಸಿಯುತ್ತದೆ.

ಜ್ಞಾನವನ್ನು ಜನರ ಬಾಗಿಲಿಗೆ ಒಯ್ಯುವುದು

ವಿಸ್ತರಣಾ ಕಾರ್ಯ ಎಂದು ಕರೆಯುವ ಈ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿದೆ. ಇದರ ಲಾಭ ಅತಿ ಹೆಚ್ಚು ಜನರಿಗೆ ತಲುಪುತ್ತದೆ, ಇದಕ್ಕೆ ಸಿಗುವ ಗೌರವ ಮಾತ್ರ ಅತಿ ಕಡಿಮೆ.

ಅಮೆರಿಕದ ಮೊರಿಲ್ ಕಾಯ್ದೆ 1862ರದ್ದು. ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ತನಗಿರುವ ಪ್ರತಿ ಸದಸ್ಯನಿಗೆ 30,000 ಎಕರೆಯಂತೆ ಪ್ರತಿ ರಾಜ್ಯಕ್ಕೂ ಭೂಮಿ ಕೊಟ್ಟು, ಅದನ್ನು ಮಾರಿದ ಹಣದಲ್ಲಿ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು ನಡೆಸಲು ಹೇಳಿತು. ಆ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನು ಈ ಮಾದರಿಯನ್ನು ಹೊಗಳುವವರು ಮರೆಯಬಾರದು. ಕಾಲೇಜುಗಳೇನೋ ಎದ್ದವು, ಆದರೆ ರೈತರಿಗೆ ಕಲಿಸಲು ಪರೀಕ್ಷಿಸಿ ನೋಡಿದ ಜ್ಞಾನ ಹೆಚ್ಚೇನೂ ಇರಲಿಲ್ಲ. ಅದಕ್ಕಾಗಿ 1887ರ ಹ್ಯಾಚ್ ಕಾಯ್ದೆ ಪ್ರಯೋಗ ಕೇಂದ್ರಗಳಿಗೆ ಹಣ ಕೊಟ್ಟಿತು. ಕೇಂದ್ರದಲ್ಲಿ ಕಂಡುಕೊಂಡದ್ದು ಹೊಲಕ್ಕೆ ಮುಟ್ಟಲಿ ಎಂದು 1914ರ ಸ್ಮಿತ್–ಲೀವರ್ ಕಾಯ್ದೆ ಊರೂರಿಗೆ ವಿಸ್ತರಣಾ ಅಧಿಕಾರಿಗಳನ್ನು ಕಳಿಸಿತು. ಬೋಧನೆ, ಪ್ರಯೋಗ, ವಿಸ್ತರಣೆ ಮೂರೂ ಕೂಡಿಬರಲು 52 ವರ್ಷ ಹಿಡಿಯಿತು. ಭಾರತದಲ್ಲಿ 1960ರಲ್ಲಿ ಪಂತನಗರದಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯ ಇದೇ ಮಾದರಿಯದ್ದು. ಅಲ್ಲಿ ಮೂರನ್ನೂ ಮೊದಲಿನಿಂದಲೇ ಒಂದೇ ಸೂರಿನಡಿ ತರುವ ಉದ್ದೇಶವಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದು ಬಾಟಲಿಯನ್ನು ನೋಡಬೇಕು. ಆ ಕಾಲದಲ್ಲಿ ಡೈರಿಗಳು ಹಾಲನ್ನು ತೂಕ ನೋಡಿ ಕೊಳ್ಳುತ್ತಿದ್ದವು. ನೀರು ಬೆರೆಸಿದವನಿಗೂ ಕೆನೆ ತೆಗೆದು ಕೊಟ್ಟವನಿಗೂ ಪ್ರಾಮಾಣಿಕನಿಗೂ ಒಂದೇ ದರ. ಒಳ್ಳೆಯ ಹಸು ಸಾಕಿದವನಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞರು 1890ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಉದ್ದ ಕತ್ತಿನ, ಗೆರೆ ಹಾಕಿದ ಗಾಜಿನ ಬಾಟಲಿಗೆ ಅಳತೆ ಮಾಡಿದ ಹಾಲು ಹಾಕಿ, ಹೆಚ್ಚುಕಡಿಮೆ ಅಷ್ಟೇ ಗಂಧಕಾಮ್ಲ ಸುರಿಯಬೇಕು. ಕೊಬ್ಬೊಂದನ್ನು ಬಿಟ್ಟು ಉಳಿದದ್ದು ಕರಗುತ್ತದೆ. ಬಾಟಲಿಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಬಿಸಿನೀರು ಹಾಕಿ ಮತ್ತೆ ತಿರುಗಿಸಿದರೆ ಕೊಬ್ಬು ಬಾಟಲಿಯ ಕತ್ತಿಗೆ ಏರಿ ನಿಲ್ಲುತ್ತದೆ. ಗೆರೆ ನೋಡಿ ಕೊಬ್ಬಿನ ಪ್ರಮಾಣ ಓದಿಕೊಳ್ಳಬಹುದು. ಡೈರಿಯ ಸಾಮಾನ್ಯ ಕೆಲಸಗಾರನೂ ಮಾಡಬಹುದಾದ ಪರೀಕ್ಷೆ. ಬ್ಯಾಬ್‌ಕಾಕ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟರು. ಕೊಬ್ಬಿನ ಲೆಕ್ಕದಲ್ಲಿ ದರ ಸಿಗತೊಡಗಿದ ಮೇಲೆ ಕಲಬೆರಕೆ ಗಿಟ್ಟದಂತಾಯಿತು. ಯಾವ ಹಸು ಲಾಭದ್ದು, ಯಾವುದು ನಷ್ಟದ್ದು ಎಂಬುದೂ ರೈತನಿಗೆ ತಿಳಿಯತೊಡಗಿ, ತಳಿ ಸುಧಾರಣೆಗೆ ದಾರಿಯಾಯಿತು.

ವಿಶ್ವವಿದ್ಯಾಲಯಕ್ಕೆ ಇದರಿಂದ ಬಿಡಿಗಾಸೂ ಬರಲಿಲ್ಲ, ಪ್ರದೇಶಕ್ಕೆ ಬಂದದ್ದಕ್ಕೆ ಲೆಕ್ಕವಿಲ್ಲ. ಈ ದಾರಿಯ ಗುಣವೂ ತೊಡಕೂ ಅದೇ. ಲಾಭ ಸಾವಿರಾರು ಜನರಲ್ಲಿ ಚದುರಿಹೋಗುವುದರಿಂದ ವಿಶ್ವವಿದ್ಯಾಲಯದ ಜಮಾಖರ್ಚಿನಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಸಾರ್ವಜನಿಕ ಹಣ ನಿರಂತರವಾಗಿ ಬೇಕು. ಹಣಕಾಸು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಬಡ್ತಿಗೆ ಪ್ರಬಂಧಗಳ ಸಂಖ್ಯೆಯನ್ನಷ್ಟೇ ಎಣಿಸುವ ವಿಶ್ವವಿದ್ಯಾಲಯದಲ್ಲಿ ಯುವ ಪ್ರಾಧ್ಯಾಪಕರು ಹೊಲಕ್ಕೋ ಸಣ್ಣ ಕಾರ್ಖಾನೆಗೋ ಹೋಗುವ ಧೈರ್ಯ ಮಾಡುವುದಿಲ್ಲ. ಆ ನಿಯಮ ಬದಲಿಸಲು ಒಪ್ಪದಿದ್ದರೆ ಈ ದಾರಿಗೆ ಹಣ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಸಣ್ಣ ರೈತರು, ಸಣ್ಣ ತಯಾರಕರು, ಕುಶಲಕರ್ಮಿಗಳು ಹೆಚ್ಚಿರುವ ಪ್ರದೇಶಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿಲ್ಲ.

ಪೇಟೆಂಟ್ ಮತ್ತು ಸ್ಟಾರ್ಟಪ್

ಎಲ್ಲರ ಕಣ್ಣೂ ಇರುವುದು ಇಲ್ಲಿ. ಅದೇ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಸ್ಟೀನ್‌ಬಾಕ್ ಅವರು ಆಹಾರಕ್ಕೆ ನೇರಳಾತೀತ ಕಿರಣ ಹಾಯಿಸಿದರೆ ಅದರಲ್ಲಿ ಡಿ ಜೀವಸತ್ವ ಹೆಚ್ಚುತ್ತದೆ ಎಂದು ತೋರಿಸಿ, ಬ್ಯಾಬ್‌ಕಾಕ್ ಹಿಡಿಯದ ದಾರಿ ಹಿಡಿದರು. ಪೇಟೆಂಟ್ ಪಡೆದರು. ಅದನ್ನು ನೋಡಿಕೊಳ್ಳಲು 1925ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಅದರ ಆದಾಯ ದಶಕಗಳ ಕಾಲ ವಿಶ್ವವಿದ್ಯಾಲಯದ ಸಂಶೋಧನೆಗೆ ಹರಿದಿದೆ. ಆದರೆ ರಾಜ್ಯದ ಬೆಣ್ಣೆ ಉದ್ಯಮ ಕಾಯಲು ಆ ಪ್ರತಿಷ್ಠಾನ, ಬೆಣ್ಣೆಯ ಬದಲು ಬಳಸುವ ಅಗ್ಗದ ಮಾರ್ಗರಿನ್ ತಯಾರಕರಿಗೆ ಪರವಾನಗಿ ಕೊಡಲಿಲ್ಲ. ಮಾರ್ಗರಿನ್ ತಿನ್ನುತ್ತಿದ್ದವರು ಬಡವರು, ಆ ಜೀವಸತ್ವದ ಅಗತ್ಯ ಹೆಚ್ಚಿದ್ದದ್ದೂ ಅವರಿಗೇ. ಪೇಟೆಂಟ್ ಕೈಯಲ್ಲಿದ್ದರೆ ಇಂಥ ತೀರ್ಮಾನಗಳ ಹೊಣೆಯೂ ಬರುತ್ತದೆ.

ಸಾರ್ವಜನಿಕ ಹಣದಿಂದ ಆದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅಮೆರಿಕದ 1980ರ ಬೇ–ಡೋಲ್ ಕಾಯ್ದೆ ಅವಕಾಶ ಕೊಟ್ಟಿತು. ಆಮೇಲೆ ಬಹಳ ದೇಶಗಳು ಅಂಥದ್ದೇ ನಿಯಮ ತಂದವು. ದೊಡ್ಡ ಗೆಲುವುಗಳು ಎಲ್ಲರಿಗೂ ಗೊತ್ತು. ಗೂಗಲ್‌ನ ಹುಡುಕಾಟದ ಪೇಟೆಂಟ್‌ಗೆ ಪರವಾನಗಿ ಕೊಟ್ಟು ಪಡೆದ ಷೇರುಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮಾರಿದಾಗ ಸುಮಾರು 33.6 ಕೋಟಿ ಡಾಲರ್ ಬಂತು. ಕೋಹೆನ್ ಮತ್ತು ಬೋಯರ್ ಎಂಬ ವಿಜ್ಞಾನಿಗಳ ಡಿಎನ್‌ಎ ಜೋಡಣೆಯ ಪೇಟೆಂಟ್ 1997ರಲ್ಲಿ ಮುಗಿಯುವ ಹೊತ್ತಿಗೆ ಸುಮಾರು 25 ಕೋಟಿ ಡಾಲರ್ ಗಳಿಸಿತ್ತು. ಈ ಎರಡನೆಯದರಲ್ಲಿ ಗಮನಿಸಬೇಕಾದದ್ದು ಮೊತ್ತಕ್ಕಿಂತ ವಿಧಾನ. ಒಬ್ಬರಿಗೇ ಬರೆದುಕೊಡದೆ, ವರ್ಷಕ್ಕೆ 10,000 ಡಾಲರ್‌ನಿಂದ ಶುರುವಾಗುವ ಶುಲ್ಕಕ್ಕೆ ಕೇಳಿದವರಿಗೆಲ್ಲ ಪರವಾನಗಿ ಕೊಟ್ಟರು. ನಾನೂರಕ್ಕೂ ಹೆಚ್ಚು ಕಂಪನಿಗಳು ಪಡೆದವು, ಒಂದು ಇಡೀ ಉದ್ಯಮ ಬೆಳೆಯಿತು.

ಆದರೆ ಇಂಥವು ಬೆರಳೆಣಿಕೆಯಷ್ಟು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪರವಾನಗಿಯ ಆದಾಯ ಪೇಟೆಂಟ್ ಕಚೇರಿಯ ಖರ್ಚಿಗೂ ಸಾಲುವುದಿಲ್ಲ. ಅರ್ಜಿ ಶುಲ್ಕ, ವಕೀಲರು, ವರ್ಷ ವರ್ಷದ ನವೀಕರಣ ಮೊದಲೇ ಬರುತ್ತವೆ. ಆದಾಯ ಬಂದರೆ ಹತ್ತಾರು ವರ್ಷದ ಮೇಲೆ.

ಸ್ಟ್ಯಾನ್‌ಫರ್ಡ್‌ನಂತೆ ಆಗಬೇಕು ಎನ್ನುವವರು ಫ್ರೆಡ್ರಿಕ್ ಟರ್ಮನ್ ಅವರ ಕಥೆ ತಿಳಿಯಬೇಕು. 1939ರಲ್ಲಿ ತಮ್ಮ ವಿದ್ಯಾರ್ಥಿಗಳಾಗಿದ್ದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಕಂಪನಿ ಕಟ್ಟಲು ಬೆನ್ನು ತಟ್ಟಿದ ಪ್ರಾಧ್ಯಾಪಕರು ಇವರೇ. 1951ರಲ್ಲಿ ವಿಶ್ವವಿದ್ಯಾಲಯದ ಜಮೀನಿನಲ್ಲಿ ಕೈಗಾರಿಕಾ ಪಾರ್ಕ್ ಬರುವುದರ ಹಿಂದೆಯೂ ಇವರಿದ್ದರು. ಸುತ್ತಲ ಕಂಪನಿಗಳ ಇಂಜಿನಿಯರುಗಳು ಕೆಲಸ ಬಿಡದೆ ಸ್ನಾತಕೋತ್ತರ ಪದವಿ ಓದಲು ದಾರಿ ಮಾಡಿದ್ದೂ ಇವರೇ. ಇದೆಲ್ಲ ಬೇ–ಡೋಲ್ ಕಾಯ್ದೆಗಿಂತ ದಶಕಗಳ ಹಿಂದಿನ ಮಾತು, ರಕ್ಷಣಾ ಇಲಾಖೆಯ ದೊಡ್ಡ ಬೇಡಿಕೆಯೂ ಆಗ ಬೆನ್ನಿಗಿತ್ತು. ಅದೇ ಟರ್ಮನ್ 1960ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಅಂಥದ್ದೇ ವಿಶ್ವವಿದ್ಯಾಲಯ ಕಟ್ಟಲು ನೆರವಾಗಲು ಹೋದರು. ದೊಡ್ಡ ಕಂಪನಿಗಳಿದ್ದವು, ಹೆಸರಾಂತ ಸಂಶೋಧನಾಲಯ ಬೆಲ್ ಲ್ಯಾಬ್ಸ್ ಇತ್ತು, ಆದರೆ ಪರಸ್ಪರ ಕೈಜೋಡಿಸುವ ಮನಸ್ಸಿರಲಿಲ್ಲ. ಕೆಲಸ ಕೈಗೂಡಲಿಲ್ಲ. ದಕ್ಷಿಣ ಕೊರಿಯಾ ಸರ್ಕಾರಕ್ಕೆ ಸ್ನಾತಕೋತ್ತರ ವಿಜ್ಞಾನ ಸಂಸ್ಥೆಯ ಬಗ್ಗೆ ಸಲಹೆ ಕೊಟ್ಟ ತಂಡಕ್ಕೂ ಅವರೇ ಮುಖ್ಯಸ್ಥರು. ಇಂದು ಕೈಸ್ಟ್ ಎಂದು ಹೆಸರಾದ ಆ ಸಂಸ್ಥೆ 1971ರಲ್ಲಿ ಹುಟ್ಟಿತು. ಅಲ್ಲಿನ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟು, ಕಡ್ಡಾಯ ಸೈನಿಕ ಸೇವೆಯಿಂದಲೂ ವಿನಾಯಿತಿ ಕೊಟ್ಟರು. ಪ್ರತಿಭೆ ವಿದೇಶಕ್ಕೆ ಹರಿಯುವುದನ್ನು ತಡೆಯುವ ಲೆಕ್ಕಾಚಾರ ಅದರಲ್ಲಿತ್ತು, ಹೊರಬಂದವರಿಗಾಗಿ ಬೆಳೆಯುತ್ತಿದ್ದ ಉದ್ಯಮಗಳು ಕಾಯುತ್ತಿದ್ದವು. ಸಲಹೆ ಕೊಟ್ಟವರು ಒಬ್ಬರೇ, ಫಲ ಬೇರೆ ಬೇರೆ. ವ್ಯತ್ಯಾಸ ಪಡೆದುಕೊಳ್ಳುವವರಲ್ಲಿತ್ತು.

ಮೂಲ ಸಂಶೋಧನೆ

ಮನುಕುಲದ ದೃಷ್ಟಿಯಿಂದ ಇದಕ್ಕಿಂತ ಹೆಚ್ಚಿನ ಕೆಲಸವಿಲ್ಲ, ಒಂದು ಊರಿನ ಹೂಡಿಕೆಯಾಗಿ ಇದಕ್ಕಿಂತ ಅನಿಶ್ಚಿತವಾದದ್ದೂ ಇಲ್ಲ. ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೀವಕೋಶಕ್ಕೆ ಪ್ರೋಟೀನ್ ತಯಾರಿಸುವ ಸೂಚನೆ ಒಯ್ಯುವ ಎಂಆರ್‌ಎನ್‌ಎ ಅಣುವಿನ ಕುರಿತ ಮುಖ್ಯ ಪ್ರಬಂಧ ಪ್ರಕಟಿಸಿದ್ದು 2005ರಲ್ಲಿ. ಅದಕ್ಕೂ ಮುಂಚೆ ಅನುದಾನ ಸಿಗದೆ ಕರಿಕೊ ಅವರಿಗೆ ಹಿಂಬಡ್ತಿಯಾಗಿತ್ತು. ಅದನ್ನು ಆಧರಿಸಿದ ಕೋವಿಡ್ ಲಸಿಕೆ ಬಂದದ್ದು 2020ರಲ್ಲಿ, ನೊಬೆಲ್ 2023ರಲ್ಲಿ. ವಿಶ್ವವಿದ್ಯಾಲಯಕ್ಕೂ ಪರವಾನಗಿಯಿಂದ ಹಣ ಬಂತು, ನಿಜ. ಆದರೆ ತೆರಿಗೆಯ ಮಹಾಪೂರ ಹರಿದದ್ದು ಜರ್ಮನಿಯ ಮೈಂಟ್ಸ್ ನಗರಕ್ಕೆ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಕಟ್ಟಿದ, ಮುಂದೆ ಆ ಲಸಿಕೆ ತಂದ ಬಯೋಎನ್‌ಟೆಕ್ ಕಂಪನಿ, ಆ ಜ್ಞಾನವನ್ನು ಹಿಡಿದುಕೊಳ್ಳಲು ತಯಾರಾಗಿ ನಿಂತಿತ್ತು.

ಮೂಲ ಸಂಶೋಧನೆಗೆ ರಾಷ್ಟ್ರ ಸರ್ಕಾರಗಳು ಧಾರಾಳವಾಗಿ ಹಣ ಕೊಡಬೇಕು. ಸ್ಥಳೀಯ ಸಂಸ್ಥೆಗಳು ಉದ್ಯೋಗದ ಆಸೆಯಿಂದ ಇದಕ್ಕೆ ಕೈ ಹಾಕಬಾರದು. ಒಂದೇ ವಿನಾಯಿತಿ: ಬೇರೆಡೆ ಆದ ಸಂಶೋಧನೆಯನ್ನು ಓದಿ ಅರ್ಥಮಾಡಿಕೊಂಡು ಬಳಸಲು ನಾಲ್ಕಾರು ನುರಿತ ಸಂಶೋಧಕರು ಊರಲ್ಲೇ ಬೇಕೆನಿಸಿದರೆ, ಒಂದೆರಡು ವಿಷಯಗಳಲ್ಲಿ ಸಣ್ಣ ತಂಡ ಕಟ್ಟಬಹುದು.

ಉತ್ಪಾದನೆಗೆ ಹತ್ತಿರದ ತಂತ್ರಜ್ಞಾನವೇ ಬೇಕಿದ್ದರೆ ವಿಶ್ವವಿದ್ಯಾಲಯದ ಪಕ್ಕ ಒಂದು ಅನ್ವಯಿಕ ಸಂಶೋಧನಾ ಸಂಸ್ಥೆ ಕಟ್ಟುವುದು ಹೆಚ್ಚು ಫಲ ಕೊಟ್ಟೀತು. ತೈವಾನ್ 1973ರಲ್ಲಿ ಅಂಥ ಸಂಸ್ಥೆ ಕಟ್ಟಿತು. ಅದರಿಂದಲೇ 1987ರಲ್ಲಿ ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿ ಹೊರಬಂತು. ಹತ್ತಿರದ ಎರಡು ವಿಶ್ವವಿದ್ಯಾಲಯಗಳು ಇಂಜಿನಿಯರುಗಳನ್ನು ಒದಗಿಸಿದವು. ಜರ್ಮನಿಯಲ್ಲಿ 1949ರಲ್ಲಿ ಹುಟ್ಟಿದ ಫ್ರೌನ್‌ಹೋಫರ್ ಸಂಘದ ಸಂಸ್ಥೆಗಳೂ ಇದೇ ಕೆಲಸ ಮಾಡುತ್ತಿವೆ.

ದೊಡ್ಡ ಉದ್ಯೋಗದಾತನಾಗಿ ವಿಶ್ವವಿದ್ಯಾಲಯ

ಸಂಬಳ, ಖರೀದಿ, ವಿದ್ಯಾರ್ಥಿಗಳ ಬಾಡಿಗೆ ಎಲ್ಲ ಕೂಡಿಸಿ ಇಷ್ಟು ಕೋಟಿಯ ಪ್ರಭಾವ ಎಂದು ವರದಿಗಳು ಬರುತ್ತವೆ. ಅವನ್ನು ಎಚ್ಚರದಿಂದ ಓದಿ. ಆ ಹಣ ವಿಶ್ವವಿದ್ಯಾಲಯ ಇಲ್ಲದಿದ್ದರೆ ಅದೇ ಊರಲ್ಲಿ ಬೇರೆ ರೀತಿ ಖರ್ಚಾಗುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಲೆಕ್ಕಕ್ಕೆ ಬೆಲೆಯಿಲ್ಲ. ಬಾಡಿಗೆ ಏರಿ ಹಳೆಯ ನಿವಾಸಿಗಳು ಜಾಗ ಬಿಡಬೇಕಾದದ್ದನ್ನೂ ಅದೇ ಲೆಕ್ಕದಲ್ಲಿ ಕಳೆಯಬೇಕು. ಆದರೂ ಖರೀದಿಯ ನಿಯಮ ಬದಲಿಸಿ ಸ್ಥಳೀಯ ಸಣ್ಣ ಪೂರೈಕೆದಾರರಿಗೆ ಅವಕಾಶ ಕೊಡಲು ಹೊಸ ಅನುದಾನವೇನೂ ಬೇಡ. ಯಾವ ದಾರಿ ಹಿಡಿದರೂ ಇದನ್ನು ಜೊತೆಗೆ ಮಾಡಬಹುದು.

ಈಗ ನಿಮ್ಮ ಪರಿಸ್ಥಿತಿಗೆ

ಹಣ ಕಡಿಮೆ, ಸುತ್ತ ರೈತರು ಮತ್ತು ಸಣ್ಣ ಘಟಕಗಳು: ವಿಸ್ತರಣೆ. ನೂರು ವಿಷಯಗಳ ಬದಲು ಎಲ್ಲರನ್ನೂ ಕಾಡುವ ಒಂದು ತೊಡಕನ್ನು ಹಿಡಿಯಿರಿ, ಹಾಲಿನ ಕೊಬ್ಬಿನಂಥದ್ದು. ಬಡ್ತಿಯ ನಿಯಮವನ್ನು ಅದಕ್ಕೂ ಮೊದಲೇ ತಿದ್ದಿ.

ಮಧ್ಯಮ ಹಣ, ಸುತ್ತ ಹತ್ತಾರು ಮಧ್ಯಮ ಗಾತ್ರದ ಕಂಪನಿಗಳು, ಆದರೂ ಪದವೀಧರರು ಊರು ಬಿಡುತ್ತಿದ್ದಾರೆ: ಓದು ಮತ್ತು ಕೆಲಸ ಒಟ್ಟಿಗೆ ಸಾಗುವ ಪದವಿ. ಫಲ ಕಾಣಲು ಒಂದು ತಂಡದ ವಿದ್ಯಾರ್ಥಿಗಳು ಪದವಿ ಮುಗಿಸುವಷ್ಟು ಕಾಲ ಸಾಕು. ಚುನಾಯಿತ ಪ್ರತಿನಿಧಿಯೊಬ್ಬರು ತಮ್ಮ ಅವಧಿಯಲ್ಲೇ ಫಲ ತೋರಿಸಬಹುದಾದ ದಾರಿ ಬಹುಶಃ ಇದೊಂದೇ.

ಕಂಪನಿಗಳೂ ಇಲ್ಲ, ಕೃಷಿಯೂ ಕುಸಿದಿದೆ: ಬೋಧನೆ ಮತ್ತು ಸ್ಥಳೀಯ ಖರೀದಿಯಿಂದ ಶುರುಮಾಡಿ. ಸಂಶೋಧನಾ ಪಾರ್ಕ್ ಎಂಬ ಫಲಕ ಹಾಕಿದ ಕಟ್ಟಡಕ್ಕೆ ಹಣ ಕೊಡಲು ಒಪ್ಪಬೇಡಿ. ಉದ್ಯಮ ತರುವುದು ಸರ್ಕಾರದ ಬೇರೆ ಇಲಾಖೆಗಳ ಕೆಲಸ, ಅದನ್ನು ಕುಲಪತಿಯ ತಲೆಗೆ ಕಟ್ಟಬಾರದು.

ಆಳವಾದ ಸಂಶೋಧನೆ ಆಗಲೇ ಇದೆ, ಹೂಡಿಕೆದಾರರಿದ್ದಾರೆ, ಹದಿನೈದು ಇಪ್ಪತ್ತು ವರ್ಷ ಕಾಯುವ ತಾಳ್ಮೆಯೂ ಇದೆ: ಆಗ ಪೇಟೆಂಟ್ ಮತ್ತು ಸ್ಟಾರ್ಟಪ್. ಕಚೇರಿ ತೆರೆಯುವ ಮೊದಲು ಎರಡು ತೀರ್ಮಾನ ಲಿಖಿತವಾಗಿ ಆಗಿರಲಿ. ಆವಿಷ್ಕಾರದ ಒಡೆತನ ಯಾರದ್ದು ಎಂಬುದು ಒಂದು. ವಾಟರ್‌ಲೂನಲ್ಲಿ ಅದು ಆವಿಷ್ಕಾರ ಮಾಡಿದವರದ್ದೇ, ಅಮೆರಿಕದ ಹೆಚ್ಚಿನ ಕಡೆ ವಿಶ್ವವಿದ್ಯಾಲಯದ್ದು. ಪರವಾನಗಿಯನ್ನು ಒಬ್ಬರಿಗೇ ಕೊಡಬೇಕಾದ ಸಂದರ್ಭ ಯಾವುದು, ಎಲ್ಲರಿಗೂ ಕೊಡಬೇಕಾದದ್ದು ಯಾವುದು ಎಂಬುದು ಇನ್ನೊಂದು. ಈ ಎರಡನ್ನು ಮುಂದೂಡಿದರೆ ಮೊದಲ ಒಳ್ಳೆಯ ಆವಿಷ್ಕಾರ ಕೈಗೆ ಬಂದ ದಿನವೇ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಆಡಳಿತದ ನಡುವೆ ವ್ಯಾಜ್ಯ ಶುರುವಾಗುತ್ತದೆ. ವ್ಯಾಜ್ಯದಲ್ಲಿರುವ ತಂತ್ರಜ್ಞಾನಕ್ಕೆ ಹೂಡಿಕೆದಾರರು ಹಣ ಹಾಕುವುದಿಲ್ಲ.